ಎರಡು ಮುದ್ದೆಯ ಅಳತೆ

ತಾನಿಲ್ಲದಿದ್ದರೆ ಮನೆ ಒಂದು ದಿನವೂ ನಡೆಯುವುದಿಲ್ಲ ಎಂದು ನಂಬಿಕೊಂಡಿರುವ ಹೆಂಗಸರಲ್ಲಿ ನಾನೂ ಒಬ್ಬಳು. ಇದನ್ನು ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ. ಮದುವೆಯಾದ ಹೊಸದರಲ್ಲಿ ಯಾರೋ ಒಬ್ಬರು ಸಾರು ಚೆನ್ನಾಗಿದೆ ಅನ್ನುತ್ತಾರೆ. ಅಲ್ಲಿಂದ ಶುರುವಾಗಿ, ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಗ್ಯಾಸ್ ಸಿಲಿಂಡರ್‌ನಿಂದ ಹಿಡಿದು ಅತ್ತೆಯ ಬಿ.ಪಿ. ಮಾತ್ರೆಯವರೆಗೆ ಎಲ್ಲವೂ ನಮ್ಮ ತಲೆಯ ಮೇಲೆ ಬಂದು ಕೂತಿರುತ್ತದೆ. ಭಾರ ಭಾರ ಎಂದು ದಿನವೂ ಗೊಣಗುತ್ತೇವೆ, ಇಳಿಸಿಕೊಳ್ಳಲು ಬಂದವರನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ನನ್ನ ಮಟ್ಟಿಗೆ ಈ ನಂಬಿಕೆ ಕಳಚಿಬಿದ್ದದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಎಂ.ಎ. ಮೊದಲ ವರ್ಷದ ಪರೀಕ್ಷೆ ಮುಗಿಸಿ ಮನೆಗೆ ಬಂದ ದಿನ, ಊಟದ ಹೊತ್ತಿಗೆ.

ನಮ್ಮೂರು ಕುಣಿಗಲ್‌ನಿಂದ ಹದಿನಾಲ್ಕು ಕಿಲೋಮೀಟರ್ ಒಳಗಿದೆ. ಯಜಮಾನರು ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಇರುವ ಒಬ್ಬಳೇ ಮಗಳು ಸಿಂಧುವನ್ನು ಗುಬ್ಬಿಗೆ ಕೊಟ್ಟಿದ್ದೇವೆ. ಅವಳು ಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ನಮ್ಮತ್ತೆ. ಬಿ.ಎ. ಮುಗಿದ ತಿಂಗಳಿಗೇ ಹಸೆಮಣೆ ಏರಿದವಳಾದ್ದರಿಂದ, 'ನಾನು ಎಂ.ಎ. ಓದಬೇಕಾಗಿತ್ತು' ಎಂಬ ಮಾತನ್ನು ಇಪ್ಪತ್ತನಾಲ್ಕು ವರ್ಷದಿಂದ ಬಂದವರಿಗೆಲ್ಲ ಹೇಳುತ್ತಿದ್ದೆ. ಹೇಳಿಕೊಂಡಿರುವುದರಲ್ಲಿ ಒಂದು ಸುಖವಿತ್ತು. ಒಂದು ದಿನ ಯಜಮಾನರು ಹಾಲಿನ ಲಾರಿ ಕಳಿಸಿ ಬಂದವರೇ, ಅರ್ಜಿ ಮುಂದಿಟ್ಟು, "ಓದ್ಬೇಕಾಗಿತ್ತು ಓದ್ಬೇಕಾಗಿತ್ತು ಅಂತಿದ್ದೆಯಲ್ಲ, ಓದು ಹೋಗು" ಅಂದರು. ಆ ಸುಖ ಅವತ್ತೇ ಹೋಯಿತು.

ಹೀಗೆ ನಾನು ತುಮಕೂರಿನ ಸದಾಶಿವನಗರದ ಒಂದು ಲೇಡೀಸ್ ಪೇಯಿಂಗ್ ಗೆಸ್ಟ್ ಮನೆಯ ಮೂರನೇ ಮಹಡಿಯಲ್ಲಿ, ಬಚ್ಚಲ ಬಾಗಿಲಿಗೆ ತಾಗಿದ ಮಂಚದ ಮೇಲೆ ಬಂದು ಬಿದ್ದೆ. ಜೊತೆಗಿದ್ದವಳು ಮಧುಗಿರಿ ಕಡೆಯ ಚೈತ್ರ, ವಯಸ್ಸು ಇಪ್ಪತ್ತೊಂದು. ಮೊದಲ ವಾರ 'ಆಂಟಿ' ಎಂದಳು, ಎರಡನೇ ವಾರ 'ಅಕ್ಕ' ಎಂದಳು, ನನ್ನ ನೋಟ್ಸ್ ಬೇಕಾದಾಗ 'ಗೌರಕ್ಕ' ಎಂದಳು. ಕಾಲೇಜಿಗೆ ಹೋದ ಮೊದಲ ದಿನ ಬಾಗಿಲಲ್ಲಿದ್ದವರು ನನ್ನ ಸೀರೆ ನೋಡಿ ನೇರ ಮೇಷ್ಟ್ರುಗಳ ಕೋಣೆಗೆ ಕಳಿಸಿದರು. ಅಲ್ಲಿ ಟೀ ಕೊಟ್ಟರು. ನಾನು ವಿದ್ಯಾರ್ಥಿನಿ ಎಂದು ಹೇಳಿದೆ, ಆದರೆ ಟೀ ಕುಡಿದ ಮೇಲೆ ಹೇಳಿದೆ. ಆ ವರ್ಷದಲ್ಲಿ ನನಗೆ ಸಿಕ್ಕಿದ ಗೌರವ ಅದೊಂದೇ. ಆಮೇಲೆ ಇದ್ದದ್ದೆಲ್ಲ ಸೆಮಿನಾರು, ಇಂಟರ್ನಲ್ಸು, ಓದಿದ್ದು ಬೆಳಗಾಗುವಷ್ಟರಲ್ಲಿ ಮರೆತುಹೋಗುವುದು, ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತುವುದು.

ಶನಿವಾರ ಬಂತೆಂದರೆ ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಬಸ್ಸು, ಅಲ್ಲಿಂದ ಊರಿಗೆ ಇನ್ನೊಂದು. ಮನೆಯ ಹೊಸಲು ದಾಟಿದವಳು ಕೈಕಾಲು ತೊಳೆಯುವ ಮೊದಲೇ ಬೇಳೆಗೆ ನೀರು ಹಾಕುತ್ತಿದ್ದೆ. ಭಾನುವಾರವೆಲ್ಲ ವಾರಕ್ಕಾಗುವಷ್ಟು ಸಾರಿನ ಪುಡಿ, ಚಟ್ನಿಪುಡಿ, ಹುರಿಯುವುದು, ಕುಟ್ಟುವುದು, ಒಗೆಯುವುದು. ಸೋಮವಾರ ಮೊದಲ ಬಸ್ಸಿಗೆ ಮೈಕೈ ನೋವಿನೊಂದಿಗೆ ವಾಪಸ್ಸು. ಹಳಗನ್ನಡದ ತರಗತಿಯಲ್ಲಿ ನನಗೆ ನಿದ್ದೆ ಬರುತ್ತಿದ್ದುದಕ್ಕೆ ಆ ಕವಿಗಳು ಕಾರಣರಲ್ಲ. ಎರಡನೇ ಸೆಮಿಸ್ಟರ್‌ಗೆ ಬರುವ ಹೊತ್ತಿಗೆ ವಾರ ವಾರ ಹೋಗುವುದು ಹದಿನೈದು ದಿನಕ್ಕಾಯಿತು, ತಿಂಗಳಿಗಾಯಿತು, ಕೊನೆಯ ಎರಡು ತಿಂಗಳು ಪರೀಕ್ಷೆ ಎಂದು ಹೋಗಲೇ ಇಲ್ಲ. ಫೋನಿನಲ್ಲಿ ಕೇಳಿದರೆ ಯಜಮಾನರದು ಒಂದೇ ಉತ್ತರ: "ಎಲ್ಲಾ ನಡೀತಾ ಅದೆ, ನೀನು ಓದ್ಕೋ." ನನಗೆ ಸಮಾಧಾನ ಹೇಳಲು ಹಾಗನ್ನುತ್ತಾರೆ, ಪಾಪ, ಎಂದುಕೊಳ್ಳುತ್ತಿದ್ದೆ.

ಈಗ ನಿಜ ಹೇಳಿಬಿಡುತ್ತೇನೆ. ಕೊನೆಯ ಪೇಪರಿನ ದಿನ, ನಾಲ್ಕನೇ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಕೂತಿದ್ದಾಗ, ಇನ್ನು ಸಾಕು, ಎರಡನೇ ವರ್ಷಕ್ಕೆ ಬರುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ. ಸುಸ್ತಾಗಿದೆ ಎಂದು ಬಿಟ್ಟರೆ ನಾಚಿಕೆ. ಮನೆ ಹಾಳಾಗುತ್ತಿದೆ ಎಂದು ಬಿಟ್ಟರೆ ಮರ್ಯಾದೆ. ಊರವರು 'ಸಂಸಾರಕ್ಕೋಸ್ಕರ ಓದೇ ಬುಟ್ಳು' ಎಂದು ನಾಲ್ಕು ಒಳ್ಳೆಯ ಮಾತಾಡುತ್ತಾರೆ. ಹಾಗಾಗಬೇಕಾದರೆ ನನಗೊಂದು ಹಾಳಾದ ಮನೆ ಬೇಕಾಗಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹುಳಿ ಮೊಸರು, ಸೀದ ತಳದ ಪಾತ್ರೆ, ಜಿರಲೆ ಓಡಾಡುವ ಡಬ್ಬಗಳು, ಸೊರಗಿದ ಅತ್ತೆ ಎಲ್ಲವನ್ನೂ ಕಣ್ಣೆದುರು ತಂದುಕೊಂಡು ಒಳಗೊಳಗೇ ಖುಷಿಪಡುತ್ತಾ ಬಂದೆ. ಇಷ್ಟು ಕೆಟ್ಟ ಮನಸ್ಸಿನಿಂದ ನಾನು ಹಿಂದೆ ಯಾವತ್ತೂ ಊರಿಗೆ ಬಂದಿರಲಿಲ್ಲ.

ಅಡುಗೆಮನೆಗೆ ಕಾಲಿಟ್ಟರೆ ಕಟ್ಟೆ ಒರೆಸಿ ಫಳಫಳ ಅನ್ನುತ್ತಿತ್ತು. ಡಬ್ಬಗಳೆಲ್ಲ ಸಾಲಾಗಿ ನಿಂತಿದ್ದವು. ಒಂದೊಂದರ ಮೇಲೂ ಯಜಮಾನರ ದುಂಡು ಅಕ್ಷರದಲ್ಲಿ, ಡೇರಿಯ ಸ್ಯಾಂಪಲ್ ಬಾಟ್ಲಿಗೆ ಅಂಟಿಸುವ ಚೀಟಿ: 'ತೊಗರಿಬೇಳೆ, ತುಂಬಿಸಿದ್ದು ಸೋಮವಾರ', 'ಸಾರಿನ ಪುಡಿ, ಖಾರ ಕಮ್ಮಿ, ಅಮ್ಮನಿಗೆ'. ಸೌಟುಗಳಿಗೆ ಗೋಡೆಯಲ್ಲಿ ಮೊಳೆ ಹೊಡೆದು ಎತ್ತರದ ಪ್ರಕಾರ ನೇತುಹಾಕಿದ್ದರು. ಅತ್ತೆಯ ಕೆನ್ನೆ ತುಂಬಿಕೊಂಡಿತ್ತು. "ಬಂದ್ಯಾ ಕಣವ್ವ, ಕೂತ್ಕೋ, ಈಗ ಬತ್ತಾನೆ, ಕಾಫಿ ಕಾಯಿಸ್ತಾನೆ" ಅಂದರು. ಕಾಯಿಸುವವರು ಯಾರೆಂದು ತಿಳಿಯಲು ನನಗೆ ಎರಡು ಕ್ಷಣ ಬೇಕಾಯಿತು.

ಸಂಜೆ ಡೇರಿಯಿಂದ ಬಂದ ಯಜಮಾನರು ಲುಂಗಿ ಎತ್ತಿಕಟ್ಟಿ ಮುದ್ದೆಗೆ ಎಸರಿಟ್ಟರು. ನಾನು ಎದ್ದರೆ, "ನೀನು ಸುಮ್ನಿರು, ದಣಿದು ಬಂದಿದೀಯ" ಎಂದು ಕೂರಿಸಿದರು. ಹಾಲು ಅಳೆಯುವ ಹಳೆಯ ಅಳತೆ ಪಾತ್ರೆಯಲ್ಲಿ ನೀರು ಅಳೆದರು, ಅದರಲ್ಲೇ ಹಿಟ್ಟು ಅಳೆದರು, ಕೋಲು ಹಾಕಿ ತಿರುವಿದರು. ನಾನು ಜೀವಮಾನದಲ್ಲಿ ಕೈಯಂದಾಜಿನ ಹೊರತು ಮುದ್ದೆ ಮಾಡಿದವಳಲ್ಲ, ಒಂದು ದಿನ ಗಟ್ಟಿ, ಒಂದು ದಿನ ಗಂಟು, ಅದೇ ರೂಢಿ. ಅವರು ಒದ್ದೆ ಕೈಯಲ್ಲಿ ಉಂಡೆ ಕಟ್ಟಿ ತಟ್ಟೆಗಿಟ್ಟರು. ಒಂದು ಅತ್ತೆಗೆ, ಇನ್ನೊಂದು ಅವರಿಗೆ. ಮೂರನೇ ತಟ್ಟೆಯ ಮುಂದೆ ಕೂತಿದ್ದ ನಾನು ಪಾತ್ರೆಯೊಳಗೆ ಇಣುಕಿದೆ. ತಳ ಕಾಣುತ್ತಿತ್ತು. ಯಜಮಾನರೂ ಇಣುಕಿದರು.

"ಅಯ್ಯೋ, ಕೈ ಎರಡಕ್ಕೇ ಅಳ್ದುಬುಡ್ತಲ್ಲ ಗೌರಿ" ಅಂದರು. ಮುಖ ಸಣ್ಣಗಾಗಿತ್ತು. ಇನ್ನೊಂದು ಎಸರಿಡಲು ಎದ್ದರು. ನಾನು ಬಿಗಿದುಕೊಂಡು, "ನಂಗೆ ಹಸಿವಿಲ್ಲ ಬುಡಿ, ಕುಣಿಗಲ್‌ನಲ್ಲಿ ತಿಂದೆ" ಎಂದು ಸುಳ್ಳು ಹೇಳಿದೆ. ಅತ್ತೆ ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗಿಟ್ಟು, "ತಿನ್ನವ್ವ, ನಂಗೂ ಒಂದು ಜಾಸ್ತೀನೇ ಆಯ್ತದೆ" ಅಂದರು. ನನ್ನ ಕೈಯಲ್ಲಿ ಅವರಿಗೆ ಒಂದು ಮುದ್ದೆ ಯಾವತ್ತೂ ಜಾಸ್ತಿಯಾಗಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಬೇಯಿಸಿ ಹಾಕಿದ ಮನೆಯಲ್ಲಿ ಅರ್ಧ ಮುದ್ದೆಯ ನೆಂಟಳಾಗಿ ಕೂತಿದ್ದೇನೆ ಎನ್ನಿಸಿತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ಮುದ್ದೆಯಲ್ಲಿ ಒಂದೇ ಒಂದು ಗಂಟಿರಲಿಲ್ಲ.

ಮರುದಿನ ಅವರು ಬೆಳಗಿನ ಹಾಲಿಗೆ ಹೋಗುತ್ತಲೇ ನಾನು ಯುದ್ಧಕ್ಕಿಳಿದೆ. ಚೀಟಿಗಳನ್ನೆಲ್ಲ ಕಿತ್ತೆ. ಡಬ್ಬಗಳನ್ನು ಹಿಂದೆ ಹೇಗಿದ್ದವೋ ಹಾಗೆಯೇ ಜೋಡಿಸಿದೆ. ಜೋಡಿಸುವಾಗಲೇ ಒಂದು ಅನುಮಾನ ಬಂತು. ಸಾರಿನ ಪುಡಿ ಎಡಕ್ಕಿತ್ತೋ, ಬಲಕ್ಕಿತ್ತೋ? ಕಣ್ಣು ಮುಚ್ಚಿಕೊಂಡು ಕೈ ಹಾಕಿದರೆ ಬೇಕಾದ್ದೇ ಸಿಗುತ್ತಿದ್ದ ಅಡುಗೆಮನೆ ಅದು. ನೆನಪಾಗಲಿಲ್ಲ. ನೆನಪಿದ್ದದ್ದು ಸದಾಶಿವನಗರದ ಕಿಟಕಿಕಟ್ಟೆ: ಎಡಕ್ಕೆ ಚೈತ್ರಳ ಉಪ್ಪಿನಕಾಯಿ, ಬಲಕ್ಕೆ ನನ್ನ ಚಟ್ನಿಪುಡಿ, ನಡುವೆ ಇಬ್ಬರದೂ ಸೇರಿದ ಬಿಸ್ಕತ್ತು. ಇರಲಿ ಎಂದು ಜೋಡಿಸಿ ಸಾರು ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಯೋಚಿಸಿದರು. "ಚಟ್ನಿಪುಡಿ ಹಾಕಿ ಮಾಡೋ ಸಾರು ತುಮಕೂರ್ನಲ್ಲಿ ಕಲ್ತಿದ್ದಾ?" ಅಂದರು. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದರು. ನಾನು ಹೌದು ಎಂದೆ.

ಇಂಥ ಸಂಕಟ ಹೇಳಿಕೊಳ್ಳಲು ಮಗಳಿಗಿಂತ ಯಾರಿದ್ದಾರೆ? ಹಿತ್ತಲಿಗೆ ಹೋಗಿ ಗುಬ್ಬಿಗೆ ಫೋನ್ ಹಚ್ಚಿದೆ. ಎರಡು ಮುದ್ದೆಯ ಕಥೆ, ಚೀಟಿಯ ಕಥೆ, ಮೊಳೆಯ ಕಥೆ ಎಲ್ಲ ಹೇಳಿ, "ನನ್ನ ಮನೇಲೇ ನಂಗೆ ಜಾಗ ಇಲ್ಲ ಕಣೇ ಸಿಂಧು" ಎಂದು ಮೂಗು ಒರೆಸಿಕೊಂಡೆ. ಅವಳು ನಕ್ಕಳು.

"ಅಮ್ಮ, ಮದ್ವೆಯಾದ್ ವರ್ಷ ಆಷಾಢಕ್ಕೆ ಬಂದಿದ್ನಲ್ಲ, ನೆನಪಿದೆಯಾ?" ಅಂದಳು.

ನೆನಪಿಲ್ಲದೆ ಏನು. ಹೊಸ ಮದುವೆಯ ಹುಡುಗಿ ಆಷಾಢದಲ್ಲಿ ತವರಿಗೆ ಬರುವುದು ವಾಡಿಕೆ, ತಿಂಗಳು ಪೂರ್ತಿ ಇದ್ದು ಹೋಗಿದ್ದಳು. ಆಗ ನಾನು ಎಂ.ಎ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ.

"ನನ್ ಕಪಾಟಲ್ಲಿ ಪೂರ್ತಿ ನಿನ್ ಪುಸ್ತಕ ಇತ್ತು. ಮಂಚದ್ ಮೇಲೂ ಪುಸ್ತಕ. ಬಟ್ಟೆ ಎಲ್ಲಿಡ್ಲಮ್ಮ ಅಂದೆ. 'ಬ್ಯಾಗಲ್ಲೇ ಇರ್ಲಿ ಬುಡು, ಹೆಂಗೂ ಹೊರಡ್ತೀಯಲ್ಲ' ಅಂದೆ ನೀನು. ಒಂದ್ ತಿಂಗ್ಳು ಅಜ್ಜಿ ಪಕ್ದಲ್ಲಿ ಚಾಪೆ ಮೇಲೆ ಮಲಗಿದ್ದೆ."

"ನೀನ್ಯಾಕೆ ಹೇಳ್ಲಿಲ್ಲ?" ಎಂದೆ.

"ಏನಂತ ಹೇಳ್ಲಿ? ನೀನು ಅಷ್ಟು ಆಸೆಯಿಂದ ಓದ್ತಿದ್ದೆ. ಎರಡ್ ದಿನ ಅಳು ಬಂತು, ಆಮೇಲೆ ಸರಿಹೋಯ್ತು. ನಿಂಗೂ ಹೋಗತ್ತೆ ಬಿಡು."

ಸಿಟ್ಟಿನಿಂದ ಹೇಳಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ಜ್ವರದ ಮಾತ್ರೆ ಎಷ್ಟು ಹೊತ್ತಿಗೆ ತಗೋಬೇಕು ಎಂದು ಹೇಳುವವಳ ಹಾಗೆ ಹೇಳಿ ಫೋನ್ ಇಟ್ಟಳು. ನನಗೆ ಅರ್ಧ ಮುದ್ದೆಯಾದರೂ ಸಿಕ್ಕಿತ್ತು, ಅವಳಿಗೆ ನಾನು ಕಪಾಟಿನ ಒಂದು ಗೂಡನ್ನೂ ಬಿಟ್ಟುಕೊಟ್ಟಿರಲಿಲ್ಲ. ಹಿತ್ತಲಲ್ಲೇ ಕೂತು ಸ್ವಲ್ಪ ಅತ್ತುಕೊಂಡೆ. ಮಧ್ಯಾಹ್ನ ಅವಳ ಕಪಾಟನ್ನು ಖಾಲಿ ಮಾಡಿ, ಒರೆಸಿ, ಪುಸ್ತಕಗಳನ್ನು ಹಜಾರಕ್ಕೆ ತಂದು ರಾಶಿ ಹಾಕಿದೆ.

ಊಟಕ್ಕೆ ಬಂದ ಯಜಮಾನರು ಚೀಟಿಯಿಲ್ಲದ ಡಬ್ಬಗಳನ್ನು ನೋಡಿದರು, ಪುಸ್ತಕದ ರಾಶಿ ನೋಡಿದರು, ನನ್ನ ಮುಖ ನೋಡಿದರು. ಡಬ್ಬದ ವಿಷಯ ಕೇಳಲಿಲ್ಲ. ನಾನೇ ಬಾಯಿಬಿಟ್ಟೆ. "ಇಷ್ಟೆಲ್ಲ ಕಲಿಯೋಕೆ ನಿಮಗ್ಯಾರು ಹೇಳಿದ್ರು?" ಎಂದು ತಪ್ಪು ಮಾಡಿದವರನ್ನು ಕೇಳುವಂತೆ ಕೇಳಿದೆ. ಉತ್ತರ ಕೊಟ್ಟವರು ಅತ್ತೆ. "ಮೊದಲ್ನೇ ತಿಂಗ್ಳು ದಿನಾ ಸೀಯಿಸೋನು ಕಣವ್ವ. ಗೌರೀನ ಕರೆಸ್ಕಳ್ಳಾ ಅಂದೆ. ಬ್ಯಾಡ ಕಣಮ್ಮ, ಈ ಹಾಳು ಮುದ್ದೇಗೋಸ್ಕರ ಅವ್ಳು ಓದೋದು ಬುಡಬಾರ್ದು, ನಾನೇ ಕಲೀತೀನಿ ಅಂದ."

ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ನೆಪ ಅಲ್ಲಿಗೆ ಸತ್ತುಹೋಯಿತು. ಇನ್ನು ಮನೆಯ ಹೆಸರು ಹೇಳುವಂತಿರಲಿಲ್ಲ. ಬೇರೆ ಸುಳ್ಳು ಹುಡುಕುವಷ್ಟು ಶಕ್ತಿಯೂ ಇರಲಿಲ್ಲ. "ನಂಗೆ ಸುಸ್ತಾಗಿದೆ ರೀ" ಎಂದೆ. ಮದುವೆಯಾದಾಗಿನಿಂದ ಆ ಮಾತನ್ನು ಪಾತ್ರೆ ಕುಕ್ಕಿ ತಿಳಿಸಿದ್ದೆನೇ ಹೊರತು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಅದರಲ್ಲೇನೂ ದೊಡ್ಡ ಸಮಸ್ಯೆ ಕಾಣದವರಂತೆ, "ಸುಸ್ತಾದ್ರೆ ರಜಾ ಇದೆಯಲ್ಲ, ಮಲಕ್ಕೋ. ಕಾಲೇಜು ಶುರುವಾದ್ ಮೇಲೆ ನೋಡನ" ಎಂದು ಕೈ ತೊಳೆಯಲು ಎದ್ದರು.

ಮಲಗಿದೆ. ಹಜಾರದಲ್ಲಿ, ಚಾಪೆಯ ಮೇಲೆ, ಹಾಡುಹಗಲು. ಆ ಮನೆಯಲ್ಲಿ ನಾನು ಹಗಲು ಮಲಗಿದ್ದು ಬಾಣಂತನ ಬಿಟ್ಟರೆ ಇದೇ. ಕೊಟ್ಟ ಮನೆ, ನಡೆಸುವ ಮನೆ, ಕಾಯುವ ಮನೆ ಎಂದೆಲ್ಲ ಅಂದುಕೊಂಡಿದ್ದ ಜಾಗದಲ್ಲಿ ಏನೂ ಮಾಡದೆ ಬಿದ್ದುಕೊಂಡಿರಲೂ ಜಾಗವಿದೆ ಎಂದು ತಿಳಿಯಲು ಒಂದು ವರ್ಷ ಊರು ಬಿಡಬೇಕಾಯಿತು. ಎಷ್ಟು ಹೊತ್ತು ನಿದ್ದೆ ಮಾಡಿದೆನೋ, ಎಚ್ಚರವಾದಾಗ ಬಾಗಿಲಲ್ಲಿ ಪಕ್ಕದ ಮನೆಯ ಪುಟ್ಟಮ್ಮ ಜೋರಾಗಿ ಮಾತಾಡುತ್ತಿದ್ದರು. ಅತ್ತೆ ಅವರನ್ನು ಗದರಿಸುತ್ತಿದ್ದರು: "ಮೆಲ್ಲಕ್ ಮಾತಾಡೇ. ನಮ್ ಹುಡುಗಿ ಪರೀಕ್ಷೆ ಬರ್ದು ಬಂದು ಮಲಗವ್ಳೆ."

ನಲವತ್ತಾರು ವರ್ಷದ ಹುಡುಗಿ ಒಂದು ಕಣ್ಣು ತೆರೆದು ನೋಡಿದಳು. ಸಂಜೆಯ ಎಸರಿಡುವ ಹೊತ್ತಾಗಿತ್ತು, ಯಜಮಾನರು ಇನ್ನೂ ಡೇರಿಯಿಂದ ಬಂದಿರಲಿಲ್ಲ. ಬೆಳಿಗ್ಗೆ ಯುದ್ಧ ಮಾಡಿ ಗೆದ್ದುಕೊಂಡಿದ್ದ ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿ ಖಾಲಿ ಇತ್ತು. ಎದ್ದರೆ ನಾನೇ ಹೋಗಬೇಕಾಗುತ್ತದೆ ಎಂದು ಹೆದರಿ, ಮತ್ತೆ ಕಣ್ಣು ಮುಚ್ಚಿಕೊಂಡು, ಯಾರಿಗೂ ಅನುಮಾನ ಬರದಿರಲೆಂದು ಸಣ್ಣಗೆ ಗೊರಕೆ ಹೊಡೆಯತೊಡಗಿದೆ.