ಅಣ್ಣನ ಕಿಡ್ನಿಗೊಂದು ಜನನ ಪತ್ರ

ಜನನ-ಮರಣ ವಿಭಾಗದ ಕಿಟಕಿಯ ಮುಂದೆ ನಿಂತವರಿಗೆ ನಗು ಬರುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ನಗುವ ಸ್ಥಿತಿಯಲ್ಲಿ ಮಾತ್ರ ಅಲ್ಲಿ ಯಾರೂ ಇರುವುದಿಲ್ಲ. ನಾನೂ ಇರಲಿಲ್ಲ.

ಮೂಗಿನ ಸಾಕ್ಷಿ

ನಮ್ಮಣ್ಣನಿಗೆ ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ. ಅವನ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್‌ಗೆ ಹೋಗುವಾಗ ನಡೆದುಕೊಂಡೇ ಹೋಗುತ್ತಿದ್ದವನು, ಬರುವಾಗ ಆಟೋದಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡು ಬರುತ್ತಿದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬೇರೆ ಕಿಡ್ನಿ ಹಾಕದಿದ್ದರೆ ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅಣ್ಣನಿಗೆ ಹೇಳಬೇಡಿ ಎಂದೆ. ಅವನು ಆಗಲೇ ಅಂಗಡಿ ಬೀಗದ ಕೈಯನ್ನು ಅತ್ತಿಗೆಗೆ ಕೊಟ್ಟಿದ್ದ.

ನನ್ನ ರಕ್ತ ಪರೀಕ್ಷೆ ಮಾಡಿದರು. ಎಲ್ಲ ಹೊಂದಿಕೆಯಾಯಿತು. ಕೊಡುತ್ತೇನೆ ಎಂದೆ. ಆದರೆ ಅನುಮತಿ ಕೊಡುವ ಸಮಿತಿಯೊಂದಿದೆ, ಅವರಿಗೆ ರಕ್ತ ಸಾಲದು, ಕಾಗದ ಬೇಕು. ಕಿಡ್ನಿ ಮಾರುವವರು ತಮ್ಮಂದಿರ ವೇಷದಲ್ಲಿ ಬರುತ್ತಾರಂತೆ. ಇಬ್ಬರ ಜನನ ಪತ್ರದಲ್ಲೂ ಒಂದೇ ಅಪ್ಪ ಅಮ್ಮ ಇರಬೇಕು. ಅಣ್ಣನದು ಮನೆಯಲ್ಲಿತ್ತು. ನನ್ನದನ್ನು ಇಷ್ಟು ವರ್ಷ ಯಾರೂ ಕೇಳಿರಲೇ ಇಲ್ಲ. ಶಾಲೆಗೆ ಸೇರಿಸುವಾಗ ಅಪ್ಪ ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಂಡಿದ್ದರು.

"ನಮ್ಮಿಬ್ರ ಮೂಗು ನೋಡಿದ್ರೆ ಸಾಲ್ದಾ ಡಾಕ್ಟ್ರೇ?" ಎಂದು ಅಣ್ಣ ಮಲಗಿದಲ್ಲಿಂದಲೇ ಕೇಳಿದ. ನಮ್ಮ ಮನೆತನದ ಮೂಗು ಬೀದಿಯ ಆ ತುದಿಗೂ ಕಾಣುವಂಥದ್ದು.

ಡಾಕ್ಟರು ಇಬ್ಬರನ್ನೂ ಒಮ್ಮೆ ನೋಡಿದರು. "ನಾನು ಒಪ್ತೀನಿ ಕಣ್ರೀ. ಆದ್ರೆ ಸಮಿತಿಗೆ ಜೆರಾಕ್ಸ್ ಕಳಿಸ್ಬೇಕು."

ಸ್ವತಃ ಬರುವ ಹಾಗಿಲ್ಲ

ನನ್ನ ಕೆಲಸ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ. ರಾತ್ರಿ ಪಾಳಿ ಮುಗಿಸಿ, ಅಲ್ಲಿಂದಲೇ ಬಸ್ಸು ಹತ್ತಿ ಪಾಲಿಕೆ ಕಚೇರಿಗೆ ಹೋದೆ. ಅಲ್ಲಿ ಎರಡು ಕಿಟಕಿ ಅಕ್ಕಪಕ್ಕ: ಒಂದು ಹುಟ್ಟಿದವರಿಗೆ, ಇನ್ನೊಂದು ಸತ್ತವರಿಗೆ. ಬೋರ್ಡು ಮಾತ್ರ ಎರಡಕ್ಕೂ ಸೇರಿ ಒಂದೇ. ನಿದ್ದೆಗಣ್ಣಿನಲ್ಲಿ ಒಂದು ಸಾಲಿಗೆ ಸೇರಿಕೊಂಡೆ. ಮುಂದಿದ್ದವರೆಲ್ಲ ತಲೆ ತಗ್ಗಿಸಿಕೊಂಡಿದ್ದರು. ಎಲ್ಲರೂ ನನ್ನ ಹಾಗೆ ನಿದ್ದೆಗೆಟ್ಟವರೇ ಅಂದುಕೊಂಡೆ.

ನನ್ನ ಸರದಿ ಬಂತು. ಒಳಗಿದ್ದ ಗುಮಾಸ್ತ ತಲೆಯೆತ್ತದೆ ಕೇಳಿದ, "ಹೆಸರು?"

ನನ್ನ ಹೆಸರು ಹೇಳಿದೆ. ಬರೆದುಕೊಂಡ.

"ತೀರಿಕೊಂಡಿದ್ದು ಮನೇಲೋ ಆಸ್ಪತ್ರೇಲೋ?"

"ಯಾರು ಸಾರ್?"

"ಈಗ ಹೆಸ್ರು ಹೇಳಿದ್ರಲ್ಲ, ಅವ್ರು."

"ಅದು ನಾನೇ ಸಾರ್."

ಆ ಪುಣ್ಯಾತ್ಮ ಆಗಲೂ ತಲೆಯೆತ್ತಲಿಲ್ಲ. "ಹಂಗೆಲ್ಲ ಸ್ವತಃ ಬರೋ ಹಾಗಿಲ್ಲ ಕಣ್ರೀ. ಮನೆಯವರನ್ನ ಕಳ್ಸಿ," ಎಂದ.

ಹುಟ್ಟಿಲ್ಲ ಅಂತ ಬೇಕಾದರೆ

ಜನನದ ಕಿಟಕಿಯಲ್ಲಿ ಒಬ್ಬ ಮೇಡಂ. ಒಳ್ಳೆಯ ಹೆಂಗಸು, ಆದರೆ ಗಂಟಲು ಬಸ್‌ಸ್ಟ್ಯಾಂಡಿಗೆ ಕೇಳಿಸುವಂಥದ್ದು. ನನ್ನ ಅಪ್ಪನ ಹೆಸರಲ್ಲಿ ಹುಡುಕಿದರು, ಅಮ್ಮನ ಹೆಸರಲ್ಲಿ ಹುಡುಕಿದರು, ಹಿಂದಿನ ವರ್ಷ, ಮುಂದಿನ ವರ್ಷ ಎಲ್ಲ ತಿರುವಿಹಾಕಿದರು.

"ಸಾರ್, ನೀವು ಹುಟ್ಟೇ ಇಲ್ಲ!" ಎಂದು ಸಾಲಿಗೆಲ್ಲ ಕೇಳುವಂತೆ ಸಾರಿದರು.

"ಮೇಡಂ, ನಮ್ಮಣ್ಣ ಸಾಯ್ತಿದ್ದಾನೆ. ನಂಗೆ ಹುಟ್ಟಿದ ಪತ್ರ ಬೇಕೇಬೇಕು," ಎಂದೆ.

ಅವರಿಗೆ ಪಾಪ ಅನ್ನಿಸಿತು. ದನಿ ತಗ್ಗಿಸಿ ಹೇಳಿದರು, "ಹುಟ್ಟಿದ್ದಕ್ಕೆ ಕೊಡಕ್ಕಾಗಲ್ಲ ಸಾರ್. ಹುಟ್ಟಿದ್ದು ದಾಖಲೆಯಲ್ಲಿ ಇಲ್ಲ ಅಂತ ಬೇಕಾದ್ರೆ ಇವತ್ತೇ ಕೊಟ್ಬುಡ್ತೀನಿ."

ಒಂದು ಮೊರ ತೌಡು

ಇದನ್ನು ಅಣ್ಣನಿಗೆ ಹೇಳಿದಾಗ ಅವನು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದ. ಕೊಳವೆಯಲ್ಲಿ ಅವನ ರಕ್ತ ಹೋಗಿ ಬರುತ್ತಿತ್ತು. "ಎದುರುಮನೆ ಅವ್ವನ ಹೆಸರಲ್ಲಿ ಹುಡುಕ್ಸೋ," ಎಂದ.

ಅಣ್ಣನ ನಂತರ ಹುಟ್ಟಿದ ಇಬ್ಬರು ಮಕ್ಕಳು ತೊಟ್ಟಿಲಲ್ಲೇ ಹೋಗಿದ್ದರು. ನಾನು ಹುಟ್ಟಿದಾಗ ನಮ್ಮಜ್ಜಿ ಹಳಬರು ಮಾಡುತ್ತಿದ್ದದ್ದನ್ನೇ ಮಾಡಿದಳು. ನನ್ನನ್ನು ಎದುರುಮನೆ ಹೆಂಗಸಿಗೆ ಒಂದು ಮೊರ ತೌಡಿಗೆ ಮಾರಿದಳು. ಮಗು ಈ ಮನೆಯದಲ್ಲ ಅಂದುಕೊಂಡು ಯಮ ಹೊರಟುಹೋಗಲಿ ಅಂತ. ಕೊಂಡವಳು ತೌಡು ಕೊಟ್ಟು ಮಗು ತೆಗೆದುಕೊಂಡು, 'ನನ್ನ ಮಗೂನ ಸಾಕಿಕೊಡಿ' ಎಂದು ವಾಪಸ್ ಕೊಡುವುದು ಪದ್ಧತಿ. ಇಷ್ಟು ನನಗೂ ಗೊತ್ತಿತ್ತು. ಆ ಎದುರುಮನೆಯವರನ್ನು ನಾನು ಅವ್ವ ಅಂತಲೇ ಕರೆಯುತ್ತಿದ್ದೆ. ಅವರಿಗೆ ಬೇರೆ ಮಕ್ಕಳಿರಲಿಲ್ಲ.

ಗೊತ್ತಿಲ್ಲದ್ದನ್ನು ಅಣ್ಣ ಹೇಳಿದ. ಹುಟ್ಟು ಸಾವು ಬರೆದುಕೊಳ್ಳುವವನು ಮನೆಗೆ ಬಂದಾಗ ಅಜ್ಜಿ ಅವನ ಹತ್ತಿರವೂ ಎದುರುಮನೆಯ ಗಂಡಹೆಂಡಿರ ಹೆಸರನ್ನೇ ಬರೆಸಿದಳಂತೆ. ಯಮನಿಗೊಂದು, ಸರ್ಕಾರಕ್ಕೊಂದು ಹೇಳಿದರೆ ಸಿಕ್ಕಿಬೀಳುತ್ತೇವೆ ಅಂತ.

ಮರುದಿನ ಮೇಡಂ ಹುಡುಕಿದರು. ನಾನು ಸಿಕ್ಕಿದೆ, ದಾಖಲೆಯಲ್ಲಿ ಎದುರುಮನೆಯವರ ಮಗನಾಗಿ. ಕಥೆಯನ್ನೆಲ್ಲ ಹೇಳಿದೆ. ಅವರು ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಕಿಡ್ನಿ ಮಾರಾಟ ಆಗ್ಬಾರ್ದು ಅಂತ ಕಾಗದ ಕೇಳ್ತಾರೆ. ಇಲ್ಲಿ ನೋಡಿದ್ರೆ ನೀವೇ ಮಾರಾಟ ಆಗೋಗಿದೀರಲ್ಲ ಸಾರ್!"

ಅವ್ವ ಒಪ್ಪಲಿಲ್ಲ

ದಾಖಲೆಯಲ್ಲಿ ತಾಯಿ ಎಂದಿರುವವರು ಬದುಕಿದ್ದರೆ, ಅವರೇ ಬಂದು 'ಇವನು ನನ್ನ ಮಗ ಅಲ್ಲ' ಎಂದು ಎದುರಿಗೆ ಹೇಳಬೇಕು, ಆಗ ತಿದ್ದಿಕೊಡುತ್ತೇವೆ ಎಂದರು. ಅವ್ವ ಈಗ ರಾಮಕೃಷ್ಣನಗರದಲ್ಲಿ ತಮ್ಮನ ಮಗಳ ಮನೆಯಲ್ಲಿದ್ದಾರೆ. ಹೋಗಿ ಹೇಳಿದೆ.

"ಬತ್ತೀನಿ, ಆದ್ರೆ ಆ ಮಾತು ಆಡಲ್ಲ," ಎಂದರು.

ನನಗೆ ರೇಗಿತು. "ಅಣ್ಣ ಸಾಯ್ತಾನೆ ಕಣವ್ವ!"

"ನೀನು ಸತ್ರೆ?" ಎಂದು ಅವರೂ ರೇಗಿದರು. "ನಾಳೆ ನಿನ್ನ ಒಟ್ಟೆ ಕುಯ್ತಾರೆ. ಅಂಥ ಟೈಮಲ್ಲಿ ಓಗಿ ಇವನು ನನ್ನ ಮಗ ಅಲ್ಲ ಅಂತ ನಾನೇ ಯಮಂಗೆ ಅಡ್ರೆಸ್ ಕೊಡ್ಲಾ?"

ಕಿಡ್ನಿ ಕೊಡುತ್ತೇನೆ ಎಂದ ದಿನದಿಂದ ನನಗೂ ಭಯವಿತ್ತು. ಹೆಂಡತಿಗೂ ಹೇಳಿರಲಿಲ್ಲ. ಈ ಮುದುಕಿ ಒಂದೇ ಮಾತಿನಲ್ಲಿ ಅದನ್ನು ಎಳೆದು ಹೊರಗೆ ಹಾಕಿದರು. ಇಬ್ಬರೂ ಅತ್ತೆವು. ಅಳು ನಿಂತ ಮೇಲೆ ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಯಮನ್ನ ಇಷ್ಟು ವರ್ಷ ಯಾಮಾರ್ಸಿದೀನಿ, ಅದೇನು ಕಷ್ಟ ಆಗ್ಲಿಲ್ಲ ಮಗ. ಈ ಸರ್ಕಾರದೋರೇ ಬುಡಂಗಿಲ್ಲ ನೋಡು."

ಪಕ್ಕದ ಕಿಟಕಿ

ಆ ವಾರ ಅಣ್ಣನಿಗೆ ಉಸಿರಾಟ ಕಷ್ಟವಾಗಿ ಐಸಿಯುಗೆ ಸೇರಿಸಿದರು. ಅವ್ವ ನೋಡಲು ಬಂದರು. ಗಾಜಿನಾಚೆಯಿಂದ ಒಂದು ಸಲ ನೋಡಿ, "ನಡಿ ಕಚೇರಿಗೆ," ಎಂದರು.

ಜನನದ ಕಿಟಕಿಯ ಮುಂದೆ ನಿಂತು, ಅವ್ವ ಮೊದಲು ಪಕ್ಕದ ಕಿಟಕಿಯನ್ನು ದಿಟ್ಟಿಸಿದರು. "ಅದ್ಯಾವ್ದು?"

"ಅದು ಮರಣದ್ದು ಅಜ್ಜಿ," ಎಂದರು ಮೇಡಂ.

"ಅದ್ನ ಮುಚ್ಸಮ್ಮ. ಯಮನ ಕಡೆಯ ಆವಯ್ಯ ಕೇಳುಸ್ಕೊತಿದ್ರೆ ನಾನು ಬಾಯ್ ಬುಡಲ್ಲ."

ಮೇಡಂ ನನ್ನ ಮುಖ ನೋಡಿದರು. ನಾನು ಕೈ ಮುಗಿದೆ. ಅವರು ಪಕ್ಕಕ್ಕೆ ತಿರುಗಿ, "ಸಾರ್, ಸ್ವಲ್ಪ ಕಾಫಿ ಕುಡ್ಕೊಂಡ್ ಬನ್ನಿ," ಎಂದರು. ಆ ಗುಮಾಸ್ತ ಮೊದಲ ಬಾರಿಗೆ ತಲೆಯೆತ್ತಿದ. ಕಿಟಕಿಯ ಬಾಗಿಲು ಎಳೆದುಕೊಂಡು ಹೋದ.

ಸತ್ತವರ ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಮುಂದೆ ನಿಂತಿದ್ದ ಒಬ್ಬ ಮುದುಕ, ಹೆಂಡತಿಯ ಮರಣ ಪತ್ರಕ್ಕೆ ಬಂದವನು, ಎಲ್ಲರ ಕಡೆ ತಿರುಗಿದ. "ಓಗ್ಲಿ ಬುಡ್ರಪ್ಪ. ನಮ್ಮೋರಿಗೇನು ಇನ್ನು ಅರ್ಜೆಂಟಿಲ್ಲ."

ಅವ್ವ ಕಿಟಕಿಗೆ ಬಾಯಿ ಹತ್ತಿರ ಇಟ್ಟು, ನನ್ನ ಕೈಯನ್ನು ಬಿಗಿಯಾಗಿ ಹಿಡಿದು, ಪಿಸುಮಾತಿನಲ್ಲಿ ಹೇಳಿದರು, "ಇವನು ನನ್ನ ಮಗ ಅಲ್ಲ." ಬಸ್‌ಸ್ಟ್ಯಾಂಡ್ ಗಂಟಲಿನ ಮೇಡಂ ಅದನ್ನು ಬರೆದುಕೊಂಡು ಪಿಸುಮಾತಿನಲ್ಲೇ ಓದಿ ಹೇಳಿದರು. ಅವ್ವ ಹೆಬ್ಬೆಟ್ಟು ಒತ್ತಿದರು.

ಒತ್ತಿ ಮುಗಿಸಿದವರೇ ದನಿ ಏರಿಸಿದರು. "ಇನ್ನೊಂದು ಅರ್ಜಿ ಕೊಡಮ್ಮ. ಇವನಣ್ಣ ಅಲ್ಲಿ ಉಸ್ರು ಎಳೀತಾವ್ನೆ. ಅವನ್ನ ನನ್ನ ಮಗ ಅಂತ ಬರ್ಕೊ. ತೌಡು ಕೊಟ್ಬುಡ್ತೀನಿ."

"ಅಯ್ಯೋ ಅಜ್ಜಿ! ಅವರನ್ನ ನಿಮ್ ಹೆಸ್ರಿಗೆ ಬರೆದ್ರೆ ಇವರಿಬ್ರೂ ಮತ್ತೆ ಅಣ್ತಮ್ಮ ಅಲ್ಲ ಅಂತಾಗೋಗುತ್ತೆ! ಆಪರೇಷನ್ನೇ ನಿಂತೋಗುತ್ತೆ!"

ಅವ್ವ ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಹೊರಟರು.

ಪತ್ರ ಬಂತು. ಸಮಿತಿ ಒಪ್ಪಿತು. ಆಪರೇಷನ್ ಮುಗಿದು ನನಗೆ ಎಚ್ಚರವಾದಾಗ ನರ್ಸು ಬಂದು, ಅಣ್ಣನಿಗೆ ನಿಮ್ಮ ಕಿಡ್ನಿ ಕೆಲಸ ಮಾಡ್ತಿದೆ, ಮೂತ್ರ ಬಂತು ಎಂದಳು. ಮೂತ್ರದ ಸುದ್ದಿ ಕೇಳಿ ಮನುಷ್ಯ ಅಷ್ಟು ಅಳಬಹುದು ಅಂತ ನನಗೆ ಗೊತ್ತಿರಲಿಲ್ಲ. ಅಳುತ್ತಿರುವಾಗಲೇ ಫೋನ್ ಬಂತು. ಅವ್ವ.

"ಇಬ್ರೂ ಚೆಂದಾಗಿದೀರಾ ಮಗ? ಸರಿ. ಇನ್ನು ನೀವಿಬ್ರು ಅಣ್ತಮ್ಮನಾ ಅಂತ ಯಾರೂ ಕೇಳಲ್ವಲ್ಲ. ಒಲಿಗೆ ಬಿಚ್ಚಿದ್ಮೇಲೆ ಒಂದು ಆಟೋ ತಗೊಂಡ್ ಬಾ. ಓಗಿ ಇಬ್ರನ್ನೂ ನನ್ನ ಹೆಸ್ರಿಗೆ ಬರ್ಸ್‌ಬುಡೋಣ."