ಎಂಟನೆಯ ಅಂಕಿ

ಕೆಲವರ ಕೆಲಸ ಚೆನ್ನಾಗಿ ಆದರೆ ಚಪ್ಪಾಳೆ ಬೀಳುತ್ತದೆ. ಹಾಡುವವರು, ಅಡುಗೆಯವರು, ಆಪರೇಷನ್ ಮಾಡುವ ಡಾಕ್ಟರರು ಅಂಥ ಪುಣ್ಯವಂತರು. ನನ್ನ ಕೆಲಸ ಚೆನ್ನಾಗಿ ಆದರೆ ಏನೂ ಆಗುವುದಿಲ್ಲ. ಕೆಟ್ಟರೆ ಮಾತ್ರ ಎಲ್ಲರ ಬಾಯಲ್ಲೂ ನನ್ನ ಹೆಸರು. ಆದ್ದರಿಂದ ನನ್ನನ್ನು ನಾನೇ ಹೊಗಳಿಕೊಳ್ಳಬೇಕಾಗಿದೆ. ದಯವಿಟ್ಟು ಸಹಿಸಿಕೊಳ್ಳಿ.

ಕುವೈತ್ ನಗರದ ಮಿರ್ಕಾಬಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ರೋಗಿಗಳ ಮಾಹಿತಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಕುವೈತಿನ ಫೋನ್ ನಂಬರುಗಳು ಏಳಂಕಿಯಿಂದ ಎಂಟಂಕಿಗೆ ಬಡ್ತಿ ಪಡೆದ ಕಾಲವದು. ಲ್ಯಾಂಡ್‌ಲೈನಿನ ಮುಂದೆ ಎರಡು. ಮೊಬೈಲಿಗೆ ಕಂಪನಿ ನೋಡಿಕೊಂಡು ಆರು ಇಲ್ಲವೇ ಒಂಬತ್ತು. ನಮ್ಮ ಡೇಟಾಬೇಸಿನಲ್ಲಿ ನಂಬರಿಗಿದ್ದ ಜಾಗವೋ ಕರಾರುವಾಕ್ಕಾಗಿ ಏಳಂಕಿಯದು. ಮೊದಲು ಆ ಜಾಗ ಅಗಲ ಮಾಡಬೇಕು, ಆಮೇಲೆ ಪ್ರತಿ ನಂಬರಿಗೂ ಸರಿಯಾದ ಅಂಕಿ ಅಂಟಿಸಬೇಕು. ತಪ್ಪಿದರೆ ಒಬ್ಬ ರೋಗಿಗೂ ಫೋನ್ ತಲುಪುವುದಿಲ್ಲ.

ನಮ್ಮ ಮ್ಯಾನೇಜರ್ ಈಜಿಪ್ಟಿನವರು, ಹೆಸರು ಹಾನಿ. ಅರಬ್ಬಿಯಲ್ಲಿ ಅದಕ್ಕೆ ಸಂತೋಷ ಎಂಬಂಥ ಒಳ್ಳೆಯ ಅರ್ಥವಂತೆ. ಕನ್ನಡ ಬಲ್ಲ ನಾನು ಮಾತ್ರ ಅವರನ್ನು ಕಂಪ್ಯೂಟರಿನಿಂದ ದೂರವೇ ಇಟ್ಟಿದ್ದೆ. ಅವರಿಗೆ ಸದಾ ಅವಸರ. "ಒಂದು ಅಂಕಿ ತಾನೆ? ಯಲ್ಲಾ, ಬೇಗ ಹಾಕು, ಖಲಾಸ್!" ಎನ್ನುತ್ತಿದ್ದರು. ನಾನು ಜಗ್ಗಲಿಲ್ಲ. ಎಲ್ಲದರ ಪ್ರತಿ ತೆಗೆದಿಟ್ಟೆ, ಪ್ರತಿಯ ಮೇಲೆ ಪ್ರಯೋಗ ಮಾಡಿದೆ. ಕೊನೆಗೆ ಪ್ರೋಗ್ರಾಮಿಗೇ ಒಂದು ಬುದ್ಧಿ ಕಲಿಸಿದೆ: ಕೆಲಸ ಮುಗಿದೊಡನೆ 'ಇದು ಆಗಿದೆ' ಎಂದು ಗುರುತು ಹಾಕಿಕೊಳ್ಳಬೇಕು, ಯಾರು ಮತ್ತೆ ಓಡಿಸಿದರೂ ಅಲುಗಾಡಬಾರದು, ಇಲ್ಲದಿದ್ದರೆ ಎಂಟರ ಮೇಲೆ ಒಂಬತ್ತನೆಯ ಅಂಕಿಯೂ ಅಂಟಿಬಿಡುತ್ತದೆ. ಹಾನಿಯವರ ಪ್ರಕಾರ ಇದೆಲ್ಲ ನನ್ನ ಹೆದರುಪುಕ್ಕಲುತನ.

ಕ್ಲಿನಿಕ್ ಮುಚ್ಚಿದ್ದ ಶುಕ್ರವಾರ ಮಧ್ಯಾಹ್ನ ಪ್ರೋಗ್ರಾಮ್ ಓಡಿಸಿ ಚಹಾ ತರಲು ಹೋದೆ. ಬಂದು ನೋಡಿದರೆ ನನ್ನ ಕುರ್ಚಿಯಲ್ಲಿ ಹಾನಿ!

"ನಿಧಾನ ಆಯಿತು ಹಬೀಬಿ. ಮತ್ತೆರಡು ಸಲ ಓಡಿಸಿದೆ" ಎಂದು ನಕ್ಕರು. "ಈಗ ಗಟ್ಟಿಯಾಗಿರಬೇಕು."

ಚಹಾ ಮೇಜಿನ ಮೇಲಿಟ್ಟೆ. ಪರದೆಯತ್ತ ಬಗ್ಗಿದೆ. ಮೊದಲ ಸಲ ಕೆಲಸ ಪೂರ್ತಿ ಮುಗಿದಿತ್ತು. ಉಳಿದೆರಡು ಸಲವೂ 'ಈಗಾಗಲೇ ಆಗಿದೆ' ಎಂದು ಹೇಳಿ ಸುಮ್ಮನಾಗಿತ್ತು ನನ್ನ ಪ್ರೋಗ್ರಾಮು. ಮಗು ಶಾಲೆಯ ವೇದಿಕೆ ಹತ್ತಿ ಪದ್ಯ ತಪ್ಪಿಲ್ಲದೆ ಒಪ್ಪಿಸಿದಾಗ ಹೆತ್ತವರಿಗೆ ಆಗುತ್ತದಲ್ಲ, ಹಾಗಾಯಿತು ನನಗೆ.

ಶನಿವಾರ ಬೆಳಿಗ್ಗೆ ರಿಸೆಪ್ಷನ್ನಿನ ಫ್ಲೇವಿಯಾಳ ಹಿಂದೆ ಹೋಗಿ ನಿಂತೆ. ಮಂಗಳೂರಿನವಳು, ಕುವೈತಿನ ಖೈತಾನಿನಲ್ಲಿ ಮನೆ. ರಕ್ತದ ರಿಪೋರ್ಟು ಕೆಟ್ಟದಾಗಿ ಬಂದಿದ್ದ ಒಬ್ಬ ಅಜ್ಜಿಯನ್ನು ಕೂಡಲೇ ಕರೆಸಬೇಕಿತ್ತು. "ಹೋಗ್ತದಾ ಸರ್ ಇದು?" ಎನ್ನುತ್ತ ಪರದೆಯ ಮೇಲಿನ ನಂಬರು ಒತ್ತಿದಳು. ರಿಂಗಾಯಿತು. ಆ ಕಡೆಯಿಂದ "ಅಲೋ" ಕೇಳಿತು. ಮಧ್ಯಾಹ್ನದೊಳಗೆ ಅಜ್ಜಿ ಮಗಳ ಕೈ ಹಿಡಿದು ಬಂದು ಡಾಕ್ಟರ ಎದುರು ಕೂತಿದ್ದರು.

ಈ ಪರಾಕ್ರಮವನ್ನು ಹೆಂಡತಿಗೆ ಹೇಳದಿದ್ದರೆ ಹೊಟ್ಟೆ ಒಡೆಯುತ್ತಿತ್ತು. ರಿಸೆಪ್ಷನ್ನಿನಿಂದಲೇ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಯಾರೋ ಹೆಂಗಸು ಅರಬ್ಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಇಂಥ ನಂಬರೇ ಇಲ್ಲ ಎಂದಳು. ಮತ್ತೆ ಮಾಡಿದೆ. ಮತ್ತೆ ಅವಳೇ.

"ಮುಂದೆ ಎರಡು ಒತ್ತಿದ್ರಾ ಸರ್?" ಫ್ಲೇವಿಯಾ ಕೇಳಿದಳು.

"ಒತ್ತಿದೆ ಫ್ಲೇವಿಯಾ, ಲೈನೇ ಸರಿ ಇಲ್ಲ" ಎಂದು ಗಂಭೀರವಾಗಿ ಹೇಳಿ, ಅವಳು ಆಚೆ ತಿರುಗುವವರೆಗೆ ಕಾದು, ಮನೆಯ ನಂಬರಿನ ಮುಂದೆ ಎರಡು ಒತ್ತಿದೆ.