ಓರೆಯಾದ ಹಲಗೆ

ಬೀಗ ರಿಪೇರಿಯವನ ಅಂಗಡಿಯ ಬಾಗಿಲ ಮೇಲಿದ್ದ ಹಲಗೆಯ ಒಂದು ಮೊಳೆ ಬೆಳಿಗ್ಗೆ ಕಳಚಿತು. ಆದದ್ದು ಅಷ್ಟೇ. ಅವನ ಅಪ್ಪ ಕೈಯಾರೆ ಬೀಗದ ಚಿತ್ರ ಬರೆದಿದ್ದ ಆ ಹಲಗೆ ಒಂದು ಮಗ್ಗುಲಿಗೆ ಜೋತುಬಿತ್ತು. ಹೊರಕ್ಕೆ ತೆರೆಯುವ ಬಾಗಿಲು ಅದಕ್ಕೆ ತಾಗಿ ಅರ್ಧಕ್ಕೇ ನಿಂತಿತು. ಊರಿನ ಬಾಗಿಲುಗಳನ್ನೆಲ್ಲ ತೆರೆದುಕೊಡುವವನು ತನ್ನ ಅಂಗಡಿಗೆ ಮಗ್ಗುಲಾಗಿ ನುಸುಳಬೇಕಾಯಿತು. ದಪ್ಪನೆಯ ಗಿರಾಕಿಗಳು ಭಾಗಾಕಾರದ ಶೇಷದಂತೆ ಹೊರಗೇ ಉಳಿದರು.

ಸುತ್ತಿಗೆ ಹಿಡಿದು ಏಣಿ ಹತ್ತಿದನೋ ಇಲ್ಲವೋ, ಪುರಸಭೆಯ ಇನ್ಸ್‌ಪೆಕ್ಟರು ಕೆಳಗಿನಿಂದ ಕೂಗಿದರು.

"ಹೊಡೀಬೇಡಿ! ಹೇಗೂ ಇಳಿಸ್ಬೇಕಾಗುತ್ತೆ. ಬೀದಿಯ ಬೋರ್ಡುಗಳೆಲ್ಲ ಇನ್ಮೇಲೆ ನೀಲಿ ತಗಡಿನದೇ ಇರ್ಬೇಕು ಅಂತ ಮಧ್ಯಾಹ್ನ ಸಭೆಯಲ್ಲಿ ತೀರ್ಮಾನ ಆಗುತ್ತೆ."

"ನಮ್ಮಪ್ಪನ ಬೋರ್ಡು ನಿಮಗೇನು ಮಾಡ್ತು ಸಾರ್?"

"ನನಗೇನೂ ಇಲ್ಲಪ್ಪ. ಊರು ಅಂದವಾಗಿ ಕಾಣ್ಬೇಕಂತೆ."

ಪಕ್ಕದ ಕ್ಷೌರಿಕ, ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದ. "ಅಣ್ಣಾ, ನೀನು ಹೋಗಿ ಮಾತಾಡು. ನಾವೆಲ್ಲ ನಿನ್ನ ಹಿಂದೆ ಇರ್ತೀವಿ!"

ಬೀಗದವನಿಗೆ ಬೇಕಿದ್ದುದು ಒಂದು ಮೊಳೆ ಹೊಡೆಯುವುದು. ಹೆಂಡತಿ ಬಿಡಲಿಲ್ಲ. "ಹೋಗ್ಬನ್ನಿ. ಮಾವ ಬರೆದಿದ್ದು ಹೋಯ್ತು ಅಂತ ಆಮೇಲೆ ನೀವು ಗೊಣಗ್ತೀರಿ, ಕೇಳೋಳು ನಾನು."

ಹಿಂದೆ ಇರುತ್ತೇವೆ ಎಂದವರು ಮಾತಿಗೆ ತಪ್ಪಲಿಲ್ಲ. ಸಭೆಯಲ್ಲಿ ಕಟ್ಟಕಡೆಯ ಬೆಂಚು ಹಿಡಿದು ಕುಳಿತರು. ಅರ್ಧ ಗಡ್ಡದವನೂ ಬಂದಿದ್ದ. ಬೀಗದವನು ಎದ್ದು ನಿಂತ.

"ಅಧ್ಯಕ್ಷರೇ, ಕೆಟ್ಟದ್ದನ್ನ ರಿಪೇರಿ ಮಾಡೋದು ನನ್ನ ಕಸುಬು. ಚೆನ್ನಾಗಿರೋ ಬೀಗಾನ ಬಿಚ್ಚಿದೋನು ಕೆಡಿಸಿಯೇ ಏಳ್ತಾನೆ. ನಮ್ಮ ಬೀದಿ ಚರಂಡಿ ಕಟ್ಟಿಕೊಂಡಿದೆ. ಅದು ನಿಮ್ಮ ಕೆಲಸ, ಮಾಡಿಸಿ, ಕೈ ಮುಗೀತೀನಿ. ಬೋರ್ಡಿನ ಬಣ್ಣ ನಮ್ಮದು. ಹಿರಿಯರು ಬಿಟ್ಟುಹೋದದ್ದು ಇದ್ದ ಹಾಗೇ ಇರಲಿ ಬಿಡಿ."

ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನೀಲಿ ತಗಡಿನ ಪ್ರಸ್ತಾವ ಒಮ್ಮತದಿಂದ ಬಿದ್ದುಹೋಯಿತು. ಚರಂಡಿಯ ವಿಷಯವನ್ನು ಮುಂದಿನ ಸಭೆಗೆ ಹಾಕಲಾಯಿತು.

ಸಂಜೆ ಬೀಗದವನು ನಿರಾಳವಾಗಿ ಏಣಿ ಹತ್ತಿದ. ಇನ್ಸ್‌ಪೆಕ್ಟರು ಏದುಸಿರು ಬಿಡುತ್ತ ಬಂದರು.

"ಹೊಡೀಬೇಡಿ!"

"ಮತ್ತೇನು ಸಾರ್? ನಾವು ಗೆದ್ದೆವಲ್ಲ!"

"ಗೆದ್ರಿ. ನೀವು ಹೊರಟ ಮೇಲೆ ಅಧ್ಯಕ್ಷರು ಇನ್ನೊಂದು ಠರಾವು ಮಾಡಿಸಿದ್ರು. ನಿಮ್ಮ ಬೋರ್ಡು ಈಗ ಊರಿನ ಪಾರಂಪರಿಕ ಆಸ್ತಿ. ಯಾರೂ ಮುಟ್ಟೋ ಹಾಗಿಲ್ಲ."

"ಓರೆಯಾಗಿದೆಯಲ್ಲ!"

"ಇದ್ದ ಹಾಗೇ ಇರಲಿ ಅಂದೋರು ನೀವೇ ತಾನೇ? ನೇರ ಮಾಡೋಕೆ ಸಂರಕ್ಷಣಾ ಸಮಿತಿ ಒಪ್ಪಬೇಕು."

"ಸಮಿತಿಯೋರು ಎಲ್ಲಿ ಸಿಗ್ತಾರೆ?"

"ಅದಿನ್ನೂ ರಚನೆ ಆಗ್ಬೇಕು."

ಬೀಗದವನು ಕೆಳಗಿಳಿದ. ಕ್ಷೌರಿಕ ತನ್ನ ಬಾಗಿಲಿಂದ ಇಣುಕಿದ.

"ಅಣ್ಣಾ, ಏಣಿ, ಸುತ್ತಿಗೆ ಎಲ್ಲಾ ಹೊರಗೇ ಇದೆ. ನನ್ನ ಬೋರ್ಡೂ ಸ್ವಲ್ಪ ಅಲ್ಲಾಡ್ತಿದೆ, ಒಂದು ಮೊಳೆ ಹೊಡೆದುಬಿಡು. ನಂದೇನೂ ಪಾರಂಪರಿಕ ಅಲ್ಲ."

ಬೀಗದವನು ಏಣಿಯನ್ನು ಪಕ್ಕಕ್ಕೆ ಸರಿಸಿ, ಅಪ್ಪನ ಹಲಗೆಗೆಂದು ತಂದ ಮೊಳೆಯನ್ನು ಅಲ್ಲಿ ಹೊಡೆದ. ಆಮೇಲೆ ಉಸಿರು ಬಿಗಿಹಿಡಿದು, ಮಗ್ಗುಲಾಗಿ ತನ್ನ ಅಂಗಡಿಯೊಳಗೆ ನುಸುಳಿದ.